ಬಿಸ್ಕ್ ಎಂದರೆ ಸಿಗಡಿಯೂ ಹೌದಂತೆ

ಅಕ್ಕಾ,

ಈಗ ಹುಷಾರಾಗಿದ್ದೇನೆ, ಮೊದಲು ಅದನ್ನು ಓದಿಕೋ. ಅಮ್ಮನ ಕಣ್ಣಿಗೆ ಬೀಳಬಾರದೆಂದು ಕಾರ್ಡನ್ನು ನಿನ್ನ ಆಫೀಸಿಗೇ ಹಾಕುತ್ತಿದ್ದೇನೆ.

ನಮ್ಮ ಪಿಂಗಾಣಿ ಕಾರ್ಖಾನೆಯಲ್ಲಿ ಒಂದು ಸಲ ಸುಟ್ಟು, ಇನ್ನೂ ಹೊಳಪು ಹಚ್ಚದ ಪಾತ್ರೆಗೆ ಬಿಸ್ಕ್ ಎನ್ನುತ್ತಾರೆ. ಮಾಸಲು ಕೆನೆಬಣ್ಣಕ್ಕೂ ಅದೇ ಹೆಸರು. ಕ್ಯಾಂಟೀನಿನ ಗೋಡೆಗೆ ಬಳಿದಿರುವುದು ಅದನ್ನೇ. ಸೋಮವಾರ ಊಟಕ್ಕೆ ಅದೇ ಬಣ್ಣದ ಗಟ್ಟಿ ಸೂಪು ಇತ್ತು. "ಇದೇನು?" ಎಂದು ಅಡುಗೆಯವರನ್ನು ಕೇಳಿದೆ.

"ಬಿಸ್ಕ್ ಅಮ್ಮ, ಚೆನ್ನಾಗಿದೆ, ತಗೊಳ್ಳಿ" ಅಂದರು.

ಬಣ್ಣ ನೋಡಿ ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡು ನಗುತ್ತಲೇ ಹಾಕಿಸಿಕೊಂಡೆ. ಸಿಗಡಿಯನ್ನು ಚಿಪ್ಪಿನ ಸಮೇತ ಕುದಿಸಿ, ಸೋಸಿ, ಕೆನೆ ಬೆರೆಸಿದ ಸೂಪಿಗೂ ಬಿಸ್ಕ್ ಎಂದೇ ಹೆಸರಂತೆ. ನನಗೆ ಸಿಗಡಿ ಆಗುವುದಿಲ್ಲವೆಂದು ನಿನಗೆ ಗೊತ್ತೇ ಇದೆ.

ನಾಲ್ಕು ಚಮಚ ಒಳಗೆ ಹೋಗುವಷ್ಟರಲ್ಲಿ ತುಟಿ ಊದಿ ಗಂಟಲು ಕಟ್ಟಿತು. ಕೂಗೋಣವೆಂದರೆ ಉಸಿರೇ ಇಲ್ಲ. ಎದುರಿಗೆ ಕೂತಿದ್ದ, ಪಾತ್ರೆ ಸುಡುವ ಭಟ್ಟಿ ನೋಡಿಕೊಳ್ಳುವ ಹೆಂಗಸು, "ಇವಳ ಮುಖ ನೋಡಿ, ಬೇಗ ಗಾಡಿ ತೆಗೀರಿ" ಎಂದು ಎದ್ದು ಬಂದು ನನ್ನನ್ನು ಹಿಡಿದುಕೊಂಡರು. ಆಸ್ಪತ್ರೆಯಲ್ಲಿ ತೊಡೆಗೆ ಇಂಜೆಕ್ಷನ್ ಚುಚ್ಚಿದ ಮೇಲೆ ಗಾಳಿ ಒಳಗೆ ಹೋಯಿತು. ಇನ್ನೊಂದು ಇಂಜೆಕ್ಷನ್ ಜೊತೆಗೇ ಇರಲಿ ಎಂದು ಕೊಟ್ಟಿದ್ದಾರೆ.

ಊತ ಮರುಕಳಿಸಬಹುದು, ಒಬ್ಬಳೇ ಇರಬೇಡ ಅಂದರು ಡಾಕ್ಟರು. ಇಲ್ಲಿ ನನಗಿರುವುದು ಒಂಟಿ ಕೋಣೆ. ನೀರನ್ನೂ ಒಂದೊಂದೇ ಗುಟುಕು ನುಂಗಿ ನೋಡುತ್ತೇನೆ. ಗುರುತು ಪರಿಚಯವಿಲ್ಲದ ಊರಿನಲ್ಲಿ ಬಾಗಿಲಿಗೆ ಚಿಲಕ ಹಾಕದೆ ಮಲಗುತ್ತಿದ್ದೇನೆ ಅಕ್ಕಾ. ಹಾಕಿಕೊಂಡರೆ ಯಾರೂ ಒಳಗೆ ಬರಲಾರರು.

ಜಾಗ ಮುಗಿಯಿತು.
ನಿನ್ನ ತಂಗಿ