ಕಪ್ಪತಗುಡ್ಡದ ಇಬ್ಬನಿ ಬಲೆ

ಕಪ್ಪತಗುಡ್ಡ
ಕ್ರಿಸ್ತಶಕ ೨೧೯೪, ಇಬ್ಬನಿ ತಿಂಗಳ ಆರನೆಯ ದಿನ

ಪ್ರೀತಿಯ ಸುಲೋಚನಜ್ಜಿಗೆ,

ನಿಮ್ಮ ಮೊಮ್ಮಗಳ ಮೊಮ್ಮಗಳಾದ ಜೀವರತ್ನಳ ವಂದನೆಗಳು. ನಾನು ಬರೆಯುತ್ತಿರುವುದು ನಿಮ್ಮ ಕಾಲದ, ಇಪ್ಪತ್ತು ವರ್ಷದ ನಿಮಗೆ; ನನಗೆ ಅರವತ್ತೊಂದು. ಆದರೂ ನಿಮ್ಮನ್ನು ಅಜ್ಜಿ ಎನ್ನದೆ ಬೇರೆ ದಾರಿಯಿಲ್ಲ. ಈ ಕಾಗದದ ಕೆಲವು ಮಾತುಗಳು ನಿಮ್ಮ ಕಿವಿಗೆ ಒರಟಾಗಿ ಕೇಳಿದರೆ ಕ್ಷಮಿಸಿ. ಕೃತಜ್ಞತೆಯ ಭಾನುವಾರ ನಮ್ಮ ಚರ್ಚಿನ ಸಭೆಯ ಪ್ರತಿಯೊಬ್ಬರೂ ಹಿಂದಿನ ತಲೆಮಾರಿನ ಒಬ್ಬರಿಗೆ ಕಾಗದ ಬರೆಯುವುದು ನಮ್ಮಲ್ಲಿಯ ವಾಡಿಕೆ. ಅದು ತಲುಪುತ್ತದೆಯೇ ಎಂದು ಇಲ್ಲಿ ಯಾರೂ ಕೇಳುವುದಿಲ್ಲ.

ನಿಮ್ಮ ಡಿಸೆಂಬರನ್ನೇ ನಾವು ಇಬ್ಬನಿ ತಿಂಗಳು ಎನ್ನುತ್ತೇವೆ. ಕೆಳಗಿನ ಬಯಲಿನಲ್ಲಿ ಈಗ ಬಾವಿಗಳಿಲ್ಲ, ಕೊಳವೆ ಕೊರೆದರೂ ನೀರು ಸಿಗುವುದಿಲ್ಲ. ಗುಡ್ಡದ ನೆತ್ತಿಯ ಮೇಲೆ ಸಾಲಾಗಿ ಕಟ್ಟಿದ ನವಿರಾದ ಬಲೆಗಳಿಗೆ ಮಂಜು ತಾಗಿ, ಹನಿಗಟ್ಟಿ, ದೋಣಿಯಂಥ ಕಲ್ಲುತೊಟ್ಟಿಗಳಿಗೆ ಇಳಿಯುತ್ತದೆ. ಇವೇ ನಮ್ಮ ಇಬ್ಬನಿ ಬಲೆಗಳು. ಇನ್ನೂರು ಮನೆಗಳು ಕುಡಿಯುವುದು ಅದೇ ನೀರು. ಬಿಸಿಲೇರಿದರೆ ಹೊರಗೆ ಕಾಲಿಡುವಂತಿಲ್ಲ. ಹಾಗಾಗಿ ನಸುಕಿನಲ್ಲೇ ಎದ್ದು, ಪ್ರಾರ್ಥನೆ ಮುಗಿಸಿ, ಬಲೆ ನೋಡಲು ಹೊರಡುತ್ತೇವೆ.

ನನ್ನ ಗಂಡ ಸತ್ಯಮಿತ್ರ ಗುಡ್ಡದ ಹಿರಿಯ ಬಲೆಗಾರರಾಗಿದ್ದರು. ಹದಿನೈದು ವರ್ಷಗಳ ಹಿಂದೆ ಬಲೆ ಕಟ್ಟುವ ಕಂಬದ ಮೇಲಿಂದ ಬಿದ್ದು ಅವರ ಬೆನ್ನುಮೂಳೆ ಮುರಿಯಿತು. ಸೊಂಟದ ಕೆಳಗೆ ಜೀವವೇ ಇಲ್ಲದಂತಾಯಿತು. ಆದರೂ ದಿನಾ ಬೆಳಿಗ್ಗೆ ಮಂಚದ ಮೇಲೇ ಕೈಜೋಡಿಸಿ, "ತಂದೆ, ಇವತ್ತಿನ ದಿನಕ್ಕ ಸ್ತೋತ್ರ. ನನಗ ನಡ್ಯಾಕ ಆಗೂದಿಲ್ಲ. ನನ್ನಿಂದ ಯಾರಿಗೆ ಉಪಯೋಗ ಐತಿ, ಅವರನ್ನ ನನ್ನ ಹಂತೇಕ ಕಳಸು" ಎನ್ನುತ್ತಿದ್ದರು. ಆ ಮಾತು ಕೇಳಿದಾಗಲೆಲ್ಲ ನನ್ನ ಮೈ ಉರಿಯುತ್ತಿತ್ತು. ಒಂದು ದಿನ ತಡೆಯಲಾರದೆ, "ಬೆನ್ನು ಮುರಿದಿದ್ದಕ್ಕೂ ಸ್ತೋತ್ರ ಏನ್ರಿ?" ಎಂದು ಕೂಗಿಬಿಟ್ಟೆ. "ಅದಕ್ಕಲ್ಲೇ ಜೀವಿ. ಮುರಿದ ಮ್ಯಾಲೂ ಬೆಳಗಾತಲ್ಲ, ಅದಕ್ಕ" ಎಂದರು. ಅಂದಿನಿಂದ ಅವರು ಪ್ರಾರ್ಥನೆಗೆ ಕೂತರೆ ನಾನು ಎದ್ದು ಒಲೆಯ ಕಡೆ ಹೋಗುತ್ತಿದ್ದೆ.

ಹೀಗೆ ಎಂಟು ತಿಂಗಳಾಗಿರಬಹುದು, ಕೆಂಗಾಳಿ ಬಂತು. ಬಯಲಿನ ಕೆಂಪು ಮಣ್ಣನ್ನೆಲ್ಲ ಹೊತ್ತು ಬರುವ ಗಾಳಿಗೆ ನಾವಿಟ್ಟ ಹೆಸರದು. ಮೂರು ದಿನ ಬೀಸಿ ನಿಂತಾಗ ನಲವತ್ತು ಬಲೆಗಳಲ್ಲಿ ಉಳಿದದ್ದು ಆರು. ಹೊಸ ಬಲೆ ಹೆಣೆಯುವುದರಲ್ಲಿ ಪಳಗಿದ ನನ್ನ ಗಂಡ ಮಂಚ ಹಿಡಿದಿದ್ದರು; ಮನೆಯುದ್ದದ ಬಲೆಯನ್ನು ಮಲಗಿಕೊಂಡು ಹೆಣೆಯಲಾಗದು. ಅವರಿಂದ ಕಲಿತಿದ್ದ ಇಬ್ಬರಿಗೆ ಒಂದು ಬಲೆ ಹೆಣೆಯಲು ವಾರ ಬೇಕಾಗುತ್ತಿತ್ತು. ತೊಟ್ಟಿಯಲ್ಲಿದ್ದದ್ದು ಹತ್ತು ದಿನದ ನೀರು.

ಅದೇ ವಾರ ಕಡಲು ನುಂಗಿದ ಕರಾವಳಿಯಿಂದ ನಡೆದು ಬಂದ ಮೂವತ್ತು ಜನ ನಮ್ಮ ಊರ ಅಗಸೆ ಬಾಗಿಲ ಮುಂದೆ ಕುಳಿತರು. ತುಟಿ ಒಡೆದಿದ್ದವು, ಮಕ್ಕಳಿಗೆ ಅಳಲೂ ತ್ರಾಣವಿರಲಿಲ್ಲ. ಹಿರಿಯರ ಸಭೆ ಸೇರಿತು. ಒಂದೊಂದು ತಂಬಿಗೆ ನೀರು ಕೊಟ್ಟು ಮುಂದಿನ ಊರಿಗೆ ಕಳಿಸುವುದೆಂದು ತೀರ್ಮಾನವಾಯಿತು. ಮುಂದಿನ ಊರು ಎರಡು ದಿನದ ದಾರಿ. ಅಷ್ಟು ದೂರ ಅವರು ನಡೆಯಲಾರರು ಎಂಬುದು ಎಲ್ಲರಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು, ಆದರೂ ತಂಬಿಗೆ ತುಂಬಿಡಲು ಮನೆಗೆ ಹೋದೆ.

ನೀರು ಹಂಚುವ ಸರದಿ ನಮ್ಮ ಬೀದಿಗೆ ಬಂತು. ಜಲಜಾ ಎಂಬ ಹೆಂಗಸು ನಮ್ಮ ಕಟ್ಟೆಯ ಮೇಲೆ ಗಂಟು ಇಳಿಸಿ ತಂಬಿಗೆಗೆ ಕೈಚಾಚಿದಳು. ಪಡಸಾಲೆಯಲ್ಲಿ ಮಲಗಿದ್ದ ಇವರು ನನ್ನನ್ನು ಕರೆದರು.

"ಜೀವಿ, ಆಕೀ ಗಂಟು ಯಾವುದ್ರಾಗ ಕಟ್ಟೈತಿ ನೋಡು."

"ಹಳೇ ಬಲಿ ಚೂರು. ಏನೀಗ?"

"ಅದರ ಹೆಣಿಗಿ ನೋಡು. ಹಂಗ ಹೆಣ್ಯಾಕ ನನಗ ಇಪ್ಪತ್ತು ವರ್ಷ ಹಿಡದಾವು. ಯಾರು ಹೆಣದದ್ದು, ಕೇಳು."

ನಾನು ಕೇಳಿದೆ. ಆಕೆ ತಂಬಿಗೆಯಿಂದ ಬಾಯಿ ತೆಗೆದು, "ನಾನೇ ಅಕ್ಕಾ. ನಾವ್ ಮೀನ್ ಹಿಡಿಯೋರಲ್ದಾ, ಬಲೆ ಕಟ್ಟೂಕೆ ನಮ್ಮಲ್ಲಿ ಎಲ್ಲರಿಗೂ ಬತ್ತ್" ಎಂದಳು.

ನಾನು ಓಡಿದ್ದು ನೆನಪಿದೆ. ನಾಲ್ವರು ಸೇರಿ ಇವರನ್ನು ಮಂಚದ ಸಮೇತ ಸಭೆಗೆ ಹೊತ್ತೊಯ್ದೆವು. "ನಮ್ಮ ಮನಿ ಪಾಲಿನ ನೀರು ಮೊದಲ ಇವರಿಗೆ ಹಂಚ್ರಿ. ಒಂದು ವಾರ ಇರಾಕ ಬಿಡ್ರಿ" ಎಂದು ನನ್ನ ಗಂಡ ಕೇಳಿಕೊಂಡರು. ಆಗ ಚರ್ಚಿನ ಸಭಾಪಾಲಕರು ಎದ್ದು, "ನನ್ನ ಮನಿದೂ ಹಂಚ್ರಿ" ಎಂದರು. ಆಮೇಲೆ ಒಬ್ಬೊಬ್ಬರಾಗಿ ಉಳಿದವರೂ ಒಪ್ಪಿದರು.

ಇವರು ಮಂಚದ ಮೇಲಿಂದಲೇ ಮಂಜು ಹಿಡಿಯಲು ಬೇಕಾದ ಬಲೆಗಣ್ಣಿನ ಅಳತೆ ತೋರಿಸಿದರು, ಕರಾವಳಿಯವರು ಹೆಣೆದರು. ಐದನೆಯ ದಿನಕ್ಕೆ ಒಂಬತ್ತು ಬಲೆಗಳು ಏರಿದವು. ಮೊದಲ ಬೆಳಿಗ್ಗೆ ಸಿಕ್ಕಿದ್ದು ಎಂಟೇ ಕೊಡ ನೀರು, ಆದರೆ ಅದು ದಿನದಿನಕ್ಕೆ ಹೆಚ್ಚುತ್ತ ಬಂತು. ಒಂದು ಹಸುಗೂಸನ್ನು ಮಾತ್ರ ಉಳಿಸಿಕೊಳ್ಳಲಾಗಲಿಲ್ಲ. ಅದನ್ನು ನಮ್ಮ ಚರ್ಚಿನ ಅಂಗಳದಲ್ಲೇ ಮಣ್ಣು ಮಾಡಿದೆವು. ಬಂದವರು ಮತ್ತೆ ಹೋಗಲಿಲ್ಲ. ಈಗ ಗುಡ್ಡದ ಮೇಲೆ ತೊಂಬತ್ತು ಬಲೆಗಳಿವೆ.

ಆ ವಾರ ಮುಗಿದ ಮೇಲೆ ಒಂದು ಬೆಳಿಗ್ಗೆ ನಾನು ಒಲೆಯ ಕಡೆ ಹೋಗದೆ ಮಂಚದ ಪಕ್ಕ ಕೂತೆ. ಇವರು ಕೈಯೂರಿ ಸ್ವಲ್ಪ ಸರಿದು ಮಂಚದ ಮೇಲೆ ಜಾಗ ಮಾಡಿಕೊಟ್ಟರು. ಮುಂದೆ ಹದಿನಾಲ್ಕು ವರ್ಷ ಜೊತೆಯಲ್ಲೇ ಪ್ರಾರ್ಥಿಸಿದೆವು. ಎಷ್ಟೋ ಮಕ್ಕಳು ಆ ಮಂಚದ ಸುತ್ತ ಕೂತು ಹೆಣಿಗೆ ಕಲಿತರು.

ಎರಡು ತಿಂಗಳ ಹಿಂದೆ ಅವರು ತೀರಿಕೊಂಡರು, ಕರ್ತನಲ್ಲಿ ನಿದ್ರಿಸಿದರು. ಮರುದಿನ ನನಗೆ ಏಳಬೇಕೆನಿಸಲಿಲ್ಲ. ಜಲಜಾ ಗಂಜಿ ತಂದಿಟ್ಟು, "ಅಕ್ಕಾ, ಕೆಳಗಿನ ಸಾಲಲ್ಲಿ ಒಂದ್ ಬಲೆ ಹರ್ದ್ ಹೋಯ್ತ್. ನಂಗ್ ಒಬ್ಳಿಗೇ ಆತಿಲ್ಲೆ, ನೀವೂ ಬನ್ನಿ" ಎಂದಳು. ಅವಳೊಬ್ಬಳಿಗೇ ಆಗುತ್ತಿತ್ತು, ನನಗದು ಗೊತ್ತು. ಎದ್ದು ಹೋದೆ. ಗುಡ್ಡ ಹತ್ತುತ್ತ, ಬಹಳ ತಡವರಿಸಿ, ಆ ದಿನಕ್ಕೆ ಸ್ತೋತ್ರ ಹೇಳಿದೆ.

ಅಜ್ಜಿ, ನಿಮ್ಮಲ್ಲಿ ನನ್ನದೊಂದು ಕೋರಿಕೆ. ಎಲ್ಲವೂ ಸರಿಹೋಗಲಿ, ಆಮೇಲೆ ದೇವರಿಗೆ ಸ್ತೋತ್ರ ಹೇಳೋಣ ಎಂದು ಕಾಯಬೇಡಿ. ನಾನು ಎಂಟು ತಿಂಗಳು ಕಾದೆ. ಆ ಎಂಟು ತಿಂಗಳು ಅವರು ಒಬ್ಬರೇ ಪ್ರಾರ್ಥಿಸಿದರು.

ಯೇಸುಸ್ವಾಮಿಯ ಸಮಾಧಾನ ನಿಮ್ಮ ಮನೆಯ ಮೇಲಿರಲಿ.

ನಿಮ್ಮ
ಜೀವರತ್ನ