ಭಜನೆಗೆ ಬಂದ ಪುಕ್ಕಟೆ ಢೋಲಕ್

ಇವಳೇ,

ಸರೋಜಕ್ಕ ನಮ್ಮ ಮನೆಗೆ ಬಂದ ಆ ಸಂಜೆ ನೆನಪಾದರೆ ಈಗಲೂ ಮೈ ಉರಿಯುತ್ತದೆ. ನಿನ್ನ ಭಜನಾ ಮಂಡಳಿಯ ಯಜಮಾನ್ತಿ ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದರು: "ನೋಡಿ ಮಾರಾಯ್ರೆ, ಢೋಲಕ್ ಬಾರಿಸ್ಲಿಕ್ಕೆ ಜನ ಇಲ್ಲ. ಒಂದು ವರ್ಷ ಬರೀ ತಾಳ ಕುಟ್ಟಿ ನೋಡಿದೆವು. ಹೆಂಗಸರು ಬರುದೇ ಬಿಟ್ಟಿದ್ದಾರೆ. ಇನ್ನು ಮಂಡಳಿ ಮುಚ್ಚುದೇ." ಡೊಂಬಿವಲಿಯಲ್ಲಿ ಶನಿವಾರಕ್ಕೊಂದು ಮನೆಯಂತೆ ಇಷ್ಟು ಕಾಲ ನಡೆದ ಭಜನೆ ಢೋಲಕ್ ಬಾರಿಸುತ್ತಿದ್ದ ನಿನ್ನ ಎರಡು ಕೈ ಇಲ್ಲವೆಂದು ನಿಲ್ಲುವುದೇ? ಲ್ಯಾಪ್‌ಟಾಪ್ ಮಡಿಲಲ್ಲಿಟ್ಟು ಕೂತಿದ್ದ ನಮ್ಮ ಅಕ್ಷತಾ ತಲೆಯೆತ್ತದೆ ಹೇಳಿದಳು: "ಮೈ ಬನಾ ದೂಂಗೀ ನಾ, ಆಂಟಿ. ಬೀಟ್ ಹೀ ತೋ ಚಾಹಿಯೇ."

ಬೀಟ್ ಅಂತೆ, ತಾನೇ ಮಾಡಿಕೊಡುತ್ತಾಳಂತೆ!

ಅದನ್ನು ಅವಳು ತಯಾರಿಸುವುದನ್ನು ಮೊದಲು ಕಂಡಾಗ ನನಗೆ ಹೇಸಿಗೆಯೇ ಆಯಿತು. ಇಂಟರ್‌ನೆಟ್ಟಿನಲ್ಲಿ ಒಂದು ಪುಟ, ಅದರ ತುಂಬ ಚೌಕ ಮನೆಗಳು. ಒಂದನ್ನು ಒತ್ತಿದರೆ ಧುಪ್, ಇನ್ನೊಂದಕ್ಕೆ ಟಿಕ್. ಮತ್ತೆ ಅದೇ, ಮತ್ತೆ ಅದೇ... ಇದಕ್ಕೆ ಕಾಲೇಜಿನಲ್ಲಿ ಒಂದು ಇಂಗ್ಲಿಷ್ ಶಬ್ದ ಕಲಿತಿದ್ದೆ, ಮೊನೊಟನಿಯೋ ಮೊನೊಪೊಲಿಯೋ, ಹಾಳಾಗಲಿ. ಪ್ಲಾಸ್ಟಿಕ್ ಬಕೆಟ್ ಬೋರಲು ಹಾಕಿ ಬಡಿದರೂ ಇದಕ್ಕಿಂತ ಮರ್ಯಾದಸ್ಥ ಸದ್ದು ಬಂದೀತು. ಪುಕ್ಕಟೆ ಸಿಗುವುದು ಇನ್ನು ಹೇಗಿರುತ್ತದೆ ಹೇಳು?

ನಿನ್ನ ಅಣ್ಣನ ಮಗ ದಿನೇಶ ಘೋಡಬಂದರ್ ರಸ್ತೆಯಿಂದ ಬಂದಿಳಿದ ದಿನ ಅದಕ್ಕಿಂತ ಅಸಹ್ಯ. "ಮಾವ, ಇದೆಲ್ಲ ಮಕ್ಕಳಾಟಿಕೆ. ನನ್ನತ್ರ ಫುಲ್ ಸಾಫ್ಟ್‌ವೇರ್ ಉಂಟು. ಪೂರಾ ಟ್ರ್ಯಾಕ್ ಮಾಡಿ ಕೊಡ್ತೇನೆ, ಹಾಡುವವರು ಅದ್ರ ಹಿಂದೆ ಹೋದ್ರೆ ಸಾಕು." ಢೋಲಕ್ಕೇನೋ ಢೋಲಕ್ಕಿನ ಹಾಗೆಯೇ ಕೇಳಿಸಿತು. ಆದರೆ ಹಾಡು ಎಲ್ಲಿ ಮುಗಿಯಬೇಕೆಂದು ಅವನೇ ಮೊದಲು ತೀರ್ಮಾನಿಸಿಬಿಟ್ಟಿದ್ದ. ಸರೋಜಕ್ಕ ಕೇಳಿದರು, "ನಾವು ದೇವರ ಹಿಂದೆ ಹೋಗುದಾ, ಇವನ ಪೆಟ್ಟಿಗೆಯ ಹಿಂದೆಯಾ?" ದಿನೇಶ ಚಹಾ ಕುಡಿದು ಹೋದವನು ಮತ್ತೆ ಬರಲಿಲ್ಲ.

ಸರೋಜಕ್ಕನ ಮನೆಯಲ್ಲಿ ಅಕ್ಷತಾಳ ಬೀಟಿನ ಮೊದಲ ಶನಿವಾರ... ಏನೆಂದು ಬರೆಯಲಿ? ನಿನ್ನ ಹೆಂಗಸರ ಹಾಡು ನಿನಗೆ ಗೊತ್ತಲ್ಲ, ನಡೆಯುತ್ತ ಹೊರಟು ಕೊನೆಗೆ ಓಡುತ್ತದೆ. ರುಚಿಸಿದ ಸಾಲನ್ನು ಎಷ್ಟು ಸಲ ಹಾಡುತ್ತಾರೋ ಅವರಿಗೇ ಗೊತ್ತಿಲ್ಲ. ಇವರು ಓಡಿದರು, ಲೋಕಲ್ ರೈಲು ತಪ್ಪಿಸಿಕೊಂಡವರ ಹಾಗೆ ಆ ಡಬ್ಬಾ ಹಿಂದೆಯೇ ಉಳಿದು ಧುಪ್, ಧುಪ್. ಒಬ್ಬರು ನಿಂತರು, ಇಬ್ಬರು ನಕ್ಕರು. ಮಗಳ ಮುಖ ನೋಡಲಾಗಲಿಲ್ಲ. "ಏಳು, ಮನೆಗೆ ನಡಿ. ಅಮ್ಮನ ಜಾಗದಲ್ಲಿ ಇದನ್ನು ತಂದಿಟ್ಟದ್ದೇ ತಪ್ಪು" ಎಂದೆ.

"ಪಪ್ಪಾ, ಚುಪ್. ಏಕ್ ಬಾರ್ ಔರ್." ಇನ್ನೊಂದು ಸಲವಂತೆ.

ಆ ಪುಟದಲ್ಲಿ ವೇಗಕ್ಕೆಂದು ಒಂದು ಗೆರೆ, ಅದರ ಮೇಲೆ ಜಾರುವ ಒಂದು ಗುಂಡಿ ಇದೆ. ಅವಳು ಅದರ ಮೇಲೆ ಬೆರಳಿಟ್ಟು, ಪರದೆಯನ್ನು ಬಿಟ್ಟು ಸರೋಜಕ್ಕನ ಗಂಟಲನ್ನೇ ನೋಡುತ್ತ ಕುಳಿತಳು. ಮೊದಲು ಜಾಸ್ತಿ ಜಾರಿಸಿ ಬೈಸಿಕೊಂಡಳು: "ಓ ಹೆಣ್ಣೇ, ನಮ್ಮನ್ನು ಬಿಟ್ಟು ಎಲ್ಲಿಗೆ ಓಡುದು?" ಆಮೇಲೆ ಗುಟ್ಟು ಸಿಕ್ಕಿತು. ಓಟ ಬದಲಿಸುವ ಮೊದಲು ಸರೋಜಕ್ಕ ಉಸಿರು ಎಳೆದುಕೊಳ್ಳುತ್ತಾರೆ, ಭುಜ ಏರುತ್ತದೆ. ನೀನೂ ಅದನ್ನೇ ನೋಡುತ್ತಿದ್ದೆಯಾ? ಮಂಗಳಾರತಿಯ ಹಾಡಿಗೆ ಬರುವಷ್ಟರಲ್ಲಿ ಅವರು ಓಡಿದಲ್ಲಿ ಇವಳೂ ಓಡಿದಳು, ನಿಂತಲ್ಲಿ ನಿಂತಳು. ಬೇಕೆಂದೇ ಕೊನೆಯ ಸಾಲನ್ನು ಮತ್ತೆ ಮತ್ತೆ ಎತ್ತಿ ಆಟವಾಡಿಸಿದರು. ಬಿಡಲಿಲ್ಲ ನಿನ್ನ ಮಗಳು.

ನನಗೆ ಖುಷಿಯಾಯಿತೆಂದು ತಿಳಿಯಬೇಡ. ಆ ದರಿದ್ರ ಸದ್ದು ಕೇಳಿದರೆ ಇಂದಿಗೂ ವಾಕರಿಕೆ ಬರುತ್ತದೆ. ಟು ಸ್ಪೀಕ್ ದಿ ಟ್ರೂತ್, ಚರ್ಮದ ಢೋಲಕ್ಕಿಗೂ ಅದಕ್ಕೂ... ಇರಲಿ. ಹೊರಡುವಾಗ ಮೆಟ್ಟಿಲ ಬಳಿ ಸರೋಜಕ್ಕ ಕೇಳಿದರು, "ಅವಳ ವರ್ಷಾಂತಿಕ ಆಯ್ತಲ್ಲ, ಬರುವ ಶನಿವಾರ ನಿಮ್ಮಲ್ಲಿ ಇಟ್ಟುಕೊಳ್ಳುವನಾ?" ನಾನು ಬಾಯಿ ತೆರೆಯುವ ಮೊದಲೇ ಅಕ್ಷತಾ "ಬನ್ನಿ" ಎಂದುಬಿಟ್ಟಳು.

ಪಂಚಕಜ್ಜಾಯಕ್ಕೆ ಕಡಲೆ, ಬೆಲ್ಲ, ಎಳ್ಳು ತಂದಿಟ್ಟಿದ್ದೇನೆ. ಹುರಿಯುವಾಗ ಕರಟಿದರೆ ನಿನ್ನ ಹೆಂಗಸರು ಬೈಯಲಿ. ಹಾಲ್‌ನಲ್ಲಿರುವ ಕುರ್ಚಿಗಳನ್ನೆಲ್ಲ ಬಾಲ್ಕನಿಗೆ ಹಾಕಿ ಚಾಪೆ ಹಾಸುತ್ತೇನೆ. ಎಲ್ಲರೂ ಕೆಳಗೇ ಕೂರಬೇಕಲ್ಲ. ನಾನೂ.