ಚೌಕಟ್ಟಿನ ಎಡಭಾಗ

ಅಕ್ಟೋಬರ್ 3, ಶನಿವಾರ

ಆರು ಗಂಟೆಗೇ ಜೌಗಿನ ಅಂಚಿನಲ್ಲಿ. ಟಾರ್ಪಾಲಿನ ಮರೆ, ಫ್ಲಾಸ್ಕಿನಲ್ಲಿ ಕಾಫಿ, ಜೇಬಿನಲ್ಲಿ ನಿನ್ನೆಯ ಪ್ಯಾಸ್ಟಿ, ಮಾಂಸ ತುಂಬಿದ ಕಡುಬು. ಸುಪೀರಿಯರ್ ಸರೋವರದ ಕಡೆಯಿಂದ ಮೂಗು ಕೊಯ್ಯುವ ಗಾಳಿ. ಲಾರ್ಚ್ ಮರಗಳೆಲ್ಲ ಹಳದಿ. ಮಂಜು ಸರಿದಾಗ ನೀಲಿ ಬಕ ಒಂಟಿಕಾಲಿನಲ್ಲಿ ನಿಂತಿತ್ತು. ಮೂವತ್ತೆಂಟು ಫೋಟೊ! ಎಪ್ಪತ್ತೊಂದರ ಮುದುಕನಿಗೆ ಇದಕ್ಕಿಂತ ಸುಖ ಬೇರೆ ಏನಿದೆ? ಸೌನಾದ ಹಬೆಸ್ನಾನ ಕೂಡ ಇದರ ನಂತರವೇ.

ವಾಪಸ್ ಬಂದಾಗ ಗ್ಯಾರೇಜಿನ ಬಾಗಿಲು ಪಿಕಪ್‌ನ ಎಡಗನ್ನಡಿಗೆ ಬಡಿಯಿತು. ಒಂದೇ ತಿಂಗಳಲ್ಲಿ ಎರಡನೇ ಸಲ.

"ಬಾಗಿಲು ಬಂದು ಬಡೀತಾ, ನೀನು ಹೋಗಿ ಬಡಿದ್ಯಾ?" ಅಂದಳು ಎಲ್ಮಾ.

ಮದುವೆಯಾಗಿ ನಲವತ್ತಾರು ವರ್ಷ. ಇನ್ನೂ ನನ್ನ ಡ್ರೈವಿಂಗ್ ಮೇಲೆ ಇವಳಿಗೆ ನಂಬಿಕೆ ಇಲ್ಲ. ಮೂವತ್ತು ವರ್ಷದಿಂದ ಸ್ಕೂಲ್ ಬಸ್ ಓಡಿಸುತ್ತಿದ್ದೇನೆ, ಒಂದು ಗೀರು ಬಿದ್ದಿಲ್ಲ.

ಅಕ್ಟೋಬರ್ 6, ಮಂಗಳವಾರ

ಕ್ಯಾಮೆರಾ ಕ್ಲಬ್. ನನ್ನ ನಾಲ್ಕೈದು ಚಿತ್ರಗಳನ್ನು ಪರದೆಯ ಮೇಲೆ ಹಾಕಿದರು. ಅಧ್ಯಕ್ಷ ರೂಡಿ ಪೆರೋ, ಸತ್ತರೂ ಯಾರನ್ನೂ ಹೊಗಳದವನು, ಎದ್ದು ನಿಂತ.

"ಲೋ ವೈನೊ, ಏನೋ ಇದು ಹೊಸ ಸ್ಟೈಲು? ಎಲ್ಲಾದ್ರಲ್ಲೂ ಹಕ್ಕೀನ ಬಲಗಡೆಗೆ ತಳ್ಳಿದ್ದೀಯ. ಎಡಗಡೆ ಪೂರ್ತಿ ಬಿಟ್ಬಿಟ್ಟಿದ್ದೀಯ! ಈ ವಯಸ್ಸಲ್ಲಿ ಕಲಾವಿದ ಆಗ್ಬಿಟ್ಯಲ್ಲೋ!"

ಎಲ್ಲರ ಚಪ್ಪಾಳೆ. ನಾನು ಹಕ್ಕಿಯನ್ನು ನಟ್ಟನಡುವೆಯೇ ಇಟ್ಟಿದ್ದೆ... ಹೇಳಲಿಲ್ಲ. ಬಿಟ್ಟಿ ಸಿಕ್ಕ ಹೊಗಳಿಕೆ, ಯಾಕೆ ಬೇಡ ಅನ್ನಲಿ?

ಅಕ್ಟೋಬರ್ 8, ಗುರುವಾರ

ನನ್ನ ಬಸ್ಸಿಗೆ ಬರುವ ಟೆಸ್ಸಾಳ ತಾಯಿ ಬ್ರಿನ್ ಫೋನ್ ಮಾಡಿದ್ದಳು. ಅವರ ಮನೆ ರಸ್ತೆಯ ಎಡಕ್ಕೆ. ನಾನು ಬಸ್ ನಿಲ್ಲಿಸಿ ಕೈಸನ್ನೆ ಮಾಡಬೇಕು, ಆಗ ಆ ಹುಡುಗಿ ಬಸ್ಸಿನ ಮುಂದೆ ದಾಟಿ ಬಂದು ಬಲಗಡೆಯ ಬಾಗಿಲಲ್ಲಿ ಹತ್ತಬೇಕು. ನಿಯಮ.

"ನಿನ್ನೆ ಮತ್ತೆ ಅವಳನ್ನ ಬಿಟ್ಟು ಹೋಗಿದ್ದೀರಿ. ಈ ವಾರ ಎರಡನೇ ಸಲ. ಅಲ್ಲೇ ನಿಂತಿದ್ಲಂತೆ!"

"ಅಲ್ಲಿ ಯಾರೂ ಇರ್ಲಿಲ್ಲ ಕಣಮ್ಮ. ನಾನು ನೋಡಿದೆ."

ಏಳು ವರ್ಷದ ಮಗು. ಹಾಸಿಗೆ ಬಿಟ್ಟು ಏಳೋದು ತಡವಾದರೆ ತಪ್ಪು ನನ್ನ ತಲೆಗೆ. ಸಿಟ್ಟು ಬಂತು.

ಅಕ್ಟೋಬರ್ 11, ಭಾನುವಾರ, ಸಂಜೆ 4

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಎಲ್ಮಾ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕಳೆದ ವಾರದ ಬಕಗಳನ್ನು ನೋಡುತ್ತಿದ್ದಳು.

"ಕರಡಿ ಬಂದಿತ್ತು ಅಂತ ಯಾಕೆ ಹೇಳ್ಲಿಲ್ಲ?"

"ಯಾವ ಕರಡಿ?"

"ತಮಾಷೆ ಸಾಕು. ಬಕದ ಪಕ್ಕ."

ಬಗ್ಗಿ ನೋಡಿದೆ. "ಬಕದ ಪಕ್ಕ ಹುಲ್ಲಿದೆ."

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಲ್ಯಾಪ್‌ಟಾಪನ್ನು ಮೆಲ್ಲಗೆ ನನ್ನ ಬಲಕ್ಕೆ ಸರಿಸಿದಳು — ಕರಡಿ ಬಂತು. ಕಪ್ಪು ಕರಡಿ, ಹಿಂಗಾಲಿನ ಮೇಲೆ ಎದ್ದು, ನೇರ ನನ್ನನ್ನೇ ನೋಡುತ್ತ. ಇಪ್ಪತ್ತು ಹೆಜ್ಜೆ ದೂರ ಇರಬಹುದು. ನಾನು ಅಲ್ಲಿ ಕೂತು ಪ್ಯಾಸ್ಟಿ ತಿನ್ನುತ್ತಿದ್ದೆ.

ಎಡಕ್ಕೆ ಸರಿಸಿದಳು. ಕರಡಿ ಇಲ್ಲ. ಬಲಕ್ಕೆ. ಇದೆ.

"ವೈನೊ," ಅಂದಳು. ಅಷ್ಟೇ. ಇಷ್ಟು ಭಯ ನನಗೆ ಯಾವತ್ತೂ ಆಗಿರಲಿಲ್ಲ.

ಅದೇ ದಿನ, 6.30

ಸೆಪ್ಟೆಂಬರ್‌ನಿಂದ ತೆಗೆದದ್ದನ್ನೆಲ್ಲ ನೋಡಿದೆ. ಪರದೆಯನ್ನು ಬಲಗಡೆ ಇಟ್ಟುಕೊಂಡು, ಒಂದೊಂದಾಗಿ. ಎಡಗಡೆ ನಾನು ಕಾಣದ್ದೆಲ್ಲ ಇದೆ. ನರಿ. ರೆಕ್ಕೆ ಬಿಚ್ಚಿ ಕುಣಿಯುತ್ತಿರುವ ಎರಡು ಸಾರಸ... ಅದಕ್ಕಾಗಿ ಹನ್ನೊಂದು ವರ್ಷ ಕಾದಿದ್ದೆ. ಊಟಕ್ಕೆ ಕರೆಯುತ್ತಿರುವ ಎಲ್ಮಾ.

ಆಮೇಲೆ ಏಳನೇ ತಾರೀಖು, ಬುಧವಾರ, ಬೆಳಿಗ್ಗೆ 7.12. ಡ್ರೈವರ್ ಸೀಟಿನಿಂದ ಗಾಜಿನ ಮೂಲಕ ತೆಗೆದದ್ದು. ಕಂಬದ ಮೇಲೆ ದೊಡ್ಡ ಬೂದು ಗೂಬೆ. ಬಸ್ಸಿನಲ್ಲಿ ಕ್ಯಾಮೆರಾ ಮುಟ್ಟಬಾರದು, ಗೊತ್ತು. ಆದರೆ ಗೂಬೆ ಎದುರಿಗೇ ಕೂತಿತ್ತು, ತಡೆಯಲಾಗಲಿಲ್ಲ.

ಎಡಗಡೆ ಟೆಸ್ಸಾ.

ರಸ್ತೆಯ ಮಧ್ಯೆ. ನೀಲಿ ಟೋಪಿ. ಬಂಪರಿನಿಂದ ಎರಡು ಮಾರು. ನನ್ನ ಕಡೆಗೆ ಕೈ ಎತ್ತಿದ್ದಾಳೆ. ಇದರ ನಂತರ ಫೋಟೊ ಇಲ್ಲ. ಇದರ ನಂತರ ನಾನು ಬ್ರೇಕ್ ಬಿಟ್ಟೆ.

ವಾಂತಿಯಾಯಿತು. ಎಲ್ಮಾ ನನ್ನ ಹಣೆ ಹಿಡಿದುಕೊಂಡಿದ್ದಳು.

ಡಿಪೋಗೆ ಫೋನ್ ಮಾಡಿದೆ. ನಾಳೆ ಬರುವುದಿಲ್ಲ ಅಂದೆ. "ಜ್ವರವಾ?" ಅಂದರು. ಇನ್ನು ಯಾವತ್ತೂ ಬರುವುದಿಲ್ಲ ಅಂದೆ.

ಅಕ್ಟೋಬರ್ 15, ಗುರುವಾರ

ಆಸ್ಪತ್ರೆಯಿಂದ ಬಂದೆ. ಕಣ್ಣು ಚೆನ್ನಾಗಿದೆಯಂತೆ. ಕೆಟ್ಟಿರುವುದು ಮಿದುಳು. ಸೆಪ್ಟೆಂಬರ್‌ನಲ್ಲಿ ಯಾವಾಗಲೋ ಅಲ್ಲಿ ರಕ್ತ ಹೆಪ್ಪುಗಟ್ಟಿದೆ. ಎರಡೂ ಕಣ್ಣಿಗೆ ಎಡಭಾಗ ಇಲ್ಲ. ಇಲ್ಲ ಅನ್ನುವುದೂ ಗೊತ್ತಾಗುವುದಿಲ್ಲವಂತೆ. ವಾಪಸ್ ಬರದೇ ಇರಬಹುದು.

"ಆಗ ಏನೂ ಅನ್ನಿಸ್ಲಿಲ್ವಾ?" ಅಂತ ಡಾಕ್ಟರ್.

"ಒಂದಿನ ತಲೆ ಸಿಡೀತಿತ್ತು. ಬಾತುಗಳು ಬಂದಿದ್ವು, ಗಮನ ಕೊಡ್ಲಿಲ್ಲ."

ಅವನು ಬರೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದ.

ಅಕ್ಟೋಬರ್ 17, ಶನಿವಾರ

ಎಲ್ಮಾ ಗಾಡಿ ಓಡಿಸಿದಳು. ಬ್ರಿನ್ ಮನೆಗೆ ಹೋದೆವು. ಹೋಗದೆ ಇರಲಾಗಲಿಲ್ಲ. ಫೋಟೊ ಕೊಟ್ಟೆ. ಎಲ್ಲ ಹೇಳಿದೆ, ಆ ದಿನ ಫೋನಿನಲ್ಲಿ ವಾದಿಸಿದ್ದಕ್ಕೂ ಕ್ಷಮೆ ಕೇಳಿದೆ. ಅವಳು ಬಯ್ಯುತ್ತಾಳೆ ಅಂದುಕೊಂಡಿದ್ದೆ. ಬಯ್ಯಲಿಲ್ಲ. ಬಾಯಿಗೆ ಕೈ ಅಡ್ಡ ಹಿಡಿದು ಮೆಟ್ಟಿಲ ಮೇಲೆ ಕುಸಿದು ಕೂತಳು.

ಟೆಸ್ಸಾ ಸೇಬು ಕಚ್ಚುತ್ತ ಹೊರಗೆ ಬಂದಳು. ಫೋಟೊ ನೋಡಿ, "ಅಯ್ಯ, ಇದು ನಾನು!" ಅಂದಳು.

"ಪುಟ್ಟಿ, ಆವತ್ತು ಹೇಗೆ ತಪ್ಪಿಸ್ಕೊಂಡೆ?"

"ಓಡಿ ವಾಪಸ್ ಬಂದೆ. ನೀವು ಈಗ ಯಾವಾಗ್ಲೂ ಹಾಗೇ ಅಲ್ವಾ ವೈನೊ ತಾತ? ನಮ್ಮನೆ ಕಡೆ ನೋಡೋದೇ ಇಲ್ಲ. ಬಸ್ಸಲ್ಲಿರೋ ಮಕ್ಕಳು ಕಿರುಚಿದ್ರೆ ನಿಲ್ಲಿಸ್ತೀರ, ಇಲ್ದಿದ್ರೆ ನಾನು ಓಡ್ತೀನಿ."

"ಯಾವಾಗ್ಲೂ ಅಂದ್ರೆ... ಎಷ್ಟು ಸಲ, ಪುಟ್ಟಿ?"

ಬೆರಳು ಮಡಿಚಿ ಎಣಿಸತೊಡಗಿದಳು. ಒಂದು ಕೈ ಮುಗಿಯಿತು. ಸೇಬನ್ನು ಅಮ್ಮನ ಕೈಗೆ ಕೊಟ್ಟು, ಇನ್ನೊಂದು ಕೈಯನ್ನೂ ಎತ್ತಿ —